ಮಂಜಿನಲ್ಲಿ ಸ್ಟಿಕ್ಕಿನ ಸದ್ದು

ಭಾನುವಾರ ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ನಮ್ಮ ಕೋಚ್ ಲಿಮ್ ಐಸ್ ಹಾಕಿ ರಿಂಕಿನ ಹಿಂಬದಿಯ ಎರಡು ದೊಡ್ಡ ಬಾಗಿಲುಗಳನ್ನು ತೆರೆಸಿದರು. ಸ್ಕೋರ್‌ಬೋರ್ಡಿನ ಗಡಿಯಾರ ನನ್ನ ಎದುರಿನ ಗೋಡೆಯಲ್ಲೇ ಇತ್ತು, ಹಾಗಾಗಿ ಸಮಯ ಅಚ್ಚೊತ್ತಿದಂತೆ ನೆನಪಿದೆ. ಕೆಡುಕು ಶುರುವಾದದ್ದು ಆಗ. ಆ ಹೊತ್ತಿಗೆ ಯಾರಿಗೂ ಅದು ಕೆಡುಕೆಂದು ಕಾಣಲಿಲ್ಲ. ಸಾಂಕ್ರಾಮಿಕದ ಎರಡನೆಯ ವರ್ಷ. ಒಳಾಂಗಣದಲ್ಲಿ ಆಡಬೇಕಾದರೆ ಗಾಳಿ ಓಡಾಡಬೇಕು ಎಂಬ ನಿಯಮವಿತ್ತು. ಗಾಳಿ ಬೇಕೆಂದರೆ ಬಾಗಿಲು ತೆರೆಯಬೇಕು. ಬಾಗಿಲಾಚೆ ಮಲೇಷ್ಯಾದ ಪೆಟಾಲಿಂಗ್ ಜಯಾ ಊರಿನ ಬೆಳಗು, ಹಿಂದಿನ ಸಂಜೆಯ ಮಳೆಯಿಂದ ಒದ್ದೆ ಬಟ್ಟೆಯಂತಾಗಿದ್ದ ಗಾಳಿ. ಬಾಗಿಲೊಳಗೆ ಐಸ್. ಇವೆರಡೂ ಒಂದನ್ನೊಂದು ಮುಟ್ಟಿದರೆ ಏನಾಗುತ್ತದೆಂದು ಫ್ರಿಜ್ ತೆರೆದು ನೋಡಿದ ಯಾರಿಗಾದರೂ ಗೊತ್ತು.

ಆ ದಿನದ ಮಾತಿಗೆ ಮತ್ತೆ ಬರುತ್ತೇನೆ. ಅದಕ್ಕೆ ಮೊದಲು ಈ ಕೆಲಸ ಎಂಥದ್ದೆಂದು ಹೇಳಬೇಕು. ಹೋದ ವರ್ಷ ನಾನು ಪ್ಯಾಡ್ ಕಳಚಿಟ್ಟ ಮೇಲೆ, ಐಸ್ ಹಾಕಿಯಲ್ಲಿ ಗೋಲ್‌ಕೀಪರ್ ಆಗಬೇಕೆನ್ನುವ ಹುಡುಗ ಹುಡುಗಿಯರು ಬಂದು ಕೇಳುವುದು ಎರಡೇ ಪ್ರಶ್ನೆ: ನೋವಾಗುತ್ತದಾ? ಹೆದರಿಕೆಯಾಗುತ್ತದಾ? ಎರಡಕ್ಕೂ ಉತ್ತರ ಹೌದು. ಆದರೂ ನಾನು ಇನ್ನೊಂದು ಸಲ ಹುಟ್ಟಿದರೆ ಅದೇ ಗೋಲಿನ ಮುಂದೆ ಹೋಗಿ ನಿಲ್ಲುತ್ತೇನೆ.

ನಾನು ಬೆಳಗಾವಿಯವಳು. ನಮ್ಮೂರಲ್ಲಿ ಐಸ್ ಅಂದರೆ ಕಬ್ಬಿನ ಹಾಲಿನ ಅಂಗಡಿಯ ಐಸ್ ಅಷ್ಟೇ. ಆದರೆ ರೋಲರ್ ಸ್ಕೇಟಿಂಗ್ ಹುಚ್ಚು ಊರಿಗೆಲ್ಲ ಇತ್ತು. ಎಂಜಿನಿಯರಿಂಗ್ ಓದುವಾಗ ನಾನು ರೋಲರ್ ಹಾಕಿ ತಂಡದ ಗೋಲು ಕಾಯುತ್ತಿದ್ದೆ. ಸೈಬರ್‌ಜಯಾದಲ್ಲಿ ಕೆಲಸ ಸಿಕ್ಕು ಮಲೇಷ್ಯಾಕ್ಕೆ ಬಂದ ಮೊದಲ ವರ್ಷ, ಮಾಲ್ ಒಂದರ ನೆಲಮಹಡಿಯಲ್ಲಿ ಐಸ್ ರಿಂಕ್ ಕಂಡು ನಿಂತುಬಿಟ್ಟೆ. ಒಂದು ಬದಿ ಬಟ್ಟೆ ಅಂಗಡಿ, ಇನ್ನೊಂದು ಬದಿ ನೂಡಲ್ಸ್ ಅಂಗಡಿ, ನಡುವೆ ಬಿಳಿಯ ಮೈದಾನ. ಬಾಡಿಗೆಯ ಸ್ಕೇಟ್ ಕಟ್ಟಿಕೊಂಡು ಇಳಿದವಳನ್ನು ಅಲ್ಲಿಯ ಕ್ಲಬ್ಬಿನ ಕೋಚ್ ಲಿಮ್ ನೋಡಿದರು. ಗೋಲು ಕಾದ ಅನುಭವ ಇದೆ ಎಂದೆ. ಅವರು ಒಂದು ಹಳೆಯ ಮುಖಕವಚ ಕೈಗೆ ಕೊಟ್ಟು, ನಾನು ಪಟ್ಟಿ ಬಿಗಿದುಕೊಳ್ಳುವಷ್ಟರಲ್ಲಿ, ಹೇಳದೆ ಕೇಳದೆ ಪಕ್ ಹೊಡೆದರು. ಪಕ್ ಎಂದರೆ ಈ ಆಟದಲ್ಲಿ ಚೆಂಡಿನ ಬದಲು ಬಳಸುವ ಗಟ್ಟಿ ರಬ್ಬರಿನ ಬಿಲ್ಲೆ. ಅದು ಹಣೆಯ ಮೇಲಿನ ಕವಚಕ್ಕೆ ಬಡಿದು ಕಿವಿ ಗುಂಯ್ಗುಟ್ಟಿತು. ನಾನು ಕದಲಲಿಲ್ಲ.

"ಹೆದರಲಿಲ್ಲ ಅಂದ್ರೆ ಎರಡೇ ಅರ್ಥ ಲಾ," ಎಂದರು ಅವರು, ಮಾತಿನ ತುದಿಗೆ 'ಲಾ' ಸೇರಿಸುವ ಮಲೇಷ್ಯಾದ ಇಂಗ್ಲಿಷಿನಲ್ಲಿ. "ಒಂದೋ ದಡ್ಡಿ, ಇಲ್ಲಾ ಗೋಲ್‌ಕೀಪರ್."

"ಎರಡೂ ಇರಬಹುದು," ಎಂದೆ. ಎರಡು ವರ್ಷದ ಮೇಲೆ ಕ್ಲಬ್ ನನ್ನನ್ನು ಸಂಬಳಕ್ಕೆ ಇಟ್ಟುಕೊಂಡಿತು: ದೊಡ್ಡವರ ಮಿಶ್ರ ತಂಡದಲ್ಲಿ ಗೋಲು ಕಾಯುವುದು, ಮಕ್ಕಳಿಗೆ ಗೋಲು ಕಾಯುವುದನ್ನು ಕಲಿಸುವುದು. ಸೈಬರ್‌ಜಯಾದ ಕೆಲಸ ಬಿಟ್ಟೆ. ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಅವಳು, "ಅಲ್ಲಿ ಥಂಡಿ ಭಾಳ ಇರ್ತೈತೇನವಾ?" ಎಂದಷ್ಟೇ ಕೇಳಿದಳು.

ಹೊಸಬರಿಗೆ ಯಾರೂ ಹೇಳದ ಒಂದು ವಿಷಯ ವಾಸನೆ. ಗೋಲ್‌ಕೀಪರಿನ ಸಾಮಾನು ಬೆವರು ಕುಡಿದು ಕುಡಿದು ನಾರುತ್ತದೆ. ಚಳಿಯ ದೇಶಗಳಲ್ಲಿ ಅದು ಒಣಗುತ್ತದಂತೆ. ನಮ್ಮಲ್ಲಿ ಒಣಗುವುದಿಲ್ಲ, ಬೂಸಲು ಹಿಡಿಯುತ್ತದೆ. ಮೊದಲ ವರ್ಷ ಕಾಲಿನ ಪ್ಯಾಡುಗಳನ್ನು ಫ್ಲಾಟಿನ ಬಾಲ್ಕನಿಯಲ್ಲಿ ನೇತುಹಾಕಿದ್ದೆ. ಪಕ್ಕದ ಮನೆಯ ಸೆಲ್ವಿ ಆಂಟಿ ಬಾಗಿಲು ತಟ್ಟಿ, ಮೂಗಿಗೆ ಸೆರಗು ಹಿಡಿದು, "ಏನಮ್ಮಾ, ಮನೇಲಿ ಏನಾದ್ರೂ ಸತ್ತಿದೆಯಾ? ಪುರಸಭೆಗೆ ಹೇಳಲಾ?" ಎಂದು ಕಾಳಜಿಯಿಂದಲೇ ಕೇಳಿದರು. ಅಂದಿನಿಂದ ಫ್ಯಾನಿನ ಮುಂದೆ ಹರಡಿ, ಒಳಗೆ ಸುದ್ದಿಪತ್ರಿಕೆ ತುರುಕಿ ಒಣಗಿಸುವುದನ್ನು ಕಲಿತೆ. ನೀವೂ ಕಲಿಯಿರಿ. ನೆರೆಯವರ ಸ್ನೇಹ ಉಳಿಯುತ್ತದೆ.

ಇನ್ನೊಂದು ವಿಷಯ ಸ್ಟಿಕ್ ಬಡಿಯುವುದು. ತಪ್ಪು ಆಟ ಆಡಿದವನನ್ನು ರೆಫರಿ ಎರಡು ನಿಮಿಷ ಪೆನಾಲ್ಟಿ ಬಾಕ್ಸಿನಲ್ಲಿ ಕೂರಿಸುತ್ತಾನೆ. ಆ ಹೊತ್ತು ಅವನ ತಂಡ ಒಬ್ಬ ಕಮ್ಮಿಯಾಗಿ ಆಡಬೇಕು. ಆಟದಲ್ಲಿ ಮುಳುಗಿದವರು ಯಾರೂ ಗಡಿಯಾರ ನೋಡುವುದಿಲ್ಲ. ನೋಡಲು ಬಿಡುವಿರುವುದು ಗೋಲ್‌ಕೀಪರಿಗೆ ಮಾತ್ರ. ಅವಧಿ ಮುಗಿಯುತ್ತ ಬಂದಾಗ ಅವಳು ಸ್ಟಿಕ್ಕನ್ನು ಐಸಿನ ಮೇಲೆ ಟಪ್ ಟಪ್ ಎಂದು ಬಡಿಯಬೇಕು. ಬೇರೆ ಕಡೆಗಳಲ್ಲಿ ಎದುರಾಳಿ ಹೊರಬರುತ್ತಾನೆ, ಹುಷಾರು ಎನ್ನಲು ಬಡಿಯುತ್ತಾರೆ. ಕೋಚ್ ಲಿಮ್ ನಮ್ಮ ಕ್ಲಬ್ಬಿನಲ್ಲಿ ಅದಕ್ಕೊಂದು ನಿಯಮ ಕೂಡಿಸಿದ್ದರು: ನಮ್ಮವರು ಹೊರಬರುವಾಗಲೂ ಬಡಿಯಬೇಕು, ಇನ್ನು ಸ್ವಲ್ಪ ತಾಳಿ, ಆಳು ಬರುತ್ತಿದೆ ಎಂದು. ಮೊದಲ ಸಲ ನಾನು ಗಡಿಯಾರವನ್ನು ತಪ್ಪಾಗಿ ಓದಿ ಬೇಗ ಬಡಿದುಬಿಟ್ಟೆ. ಆಳು ಬಂತೆಂದು ನಂಬಿ ನಮ್ಮವರೆಲ್ಲ ಮುಂದೆ ನುಗ್ಗಿದರು. ನಾನೊಬ್ಬಳೇ ಮೂವರ ಎದುರು ಉಳಿದೆ. ಗೋಲು ಹೋಯಿತು. ಲಿಮ್ ಬೈಯಲಿಲ್ಲ. "ಆ ಸದ್ದನ್ನು ಎಲ್ಲರೂ ನಂಬ್ತಾರೆ. ಅದಕ್ಕೇ ಅದು ಸುಳ್ಳಾಗಬಾರದು," ಎಂದರು. ಅಂದಿನಿಂದ ಅದು ಸುಳ್ಳಾಗಲಿಲ್ಲ.

ಲಿಮ್ ಹಳೆಯ ಕಾಲದವರು. ನಿಂತೇ ಗೋಲು ಕಾಯಬೇಕು, ಐಸಿಗೆ ಬಿದ್ದರೆ ಅವಮಾನ ಎನ್ನುವವರು. ನಾನು ವಿಡಿಯೋ ನೋಡಿ ಹೊಸ ಪದ್ಧತಿ ಕಲಿತೆ. ಮಂಡಿಯೂರಿ, ಎರಡು ಕಾಲುಗಳನ್ನು ಅಕ್ಕಪಕ್ಕಕ್ಕೆ ಚಾಚಿ, ಕೆಳಗಿನ ಜಾಗವನ್ನೆಲ್ಲ ಮುಚ್ಚಿಬಿಡುವುದು. "ಇದೇನು, ಪ್ರಾರ್ಥನೆಯಾ?" ಎಂದು ಹಂಗಿಸಿದರು. ಆ ವರ್ಷ ನಮ್ಮ ಬಲೆಗೆ ಬಿದ್ದ ಗೋಲುಗಳು ಅರ್ಧಕ್ಕಿಳಿದವು. ಒಂದು ಬೆಳಿಗ್ಗೆ ನಾನು ಬೇಗ ಹೋದರೆ, ಲಿಮ್ ಒಬ್ಬರೇ ಕ್ಲಬ್ಬಿನ ಹಳೆಯ ಪ್ಯಾಡ್ ಕಟ್ಟಿಕೊಂಡು ಗೋಲಿನ ಮುಂದೆ ಮಂಡಿಯೂರಿದ್ದರು. ಎದ್ದು ನಿಲ್ಲಲು ಆಗುತ್ತಿರಲಿಲ್ಲ. ನಾನು ಕೈಕೊಟ್ಟು ಎಬ್ಬಿಸಿದೆ. "ಮಕ್ಕಳಿಗೆ ಕಲಿಸಬೇಕಲ್ಲ," ಎಂದಷ್ಟೇ ಹೇಳಿ ಕಾಫಿಗೆ ಹೋದರು. ಮೇಲಿನವರು ಹೇಗಿರಬೇಕೆಂದು ಯಾರಾದರೂ ಕೇಳಿದರೆ ಆ ಬೆಳಿಗ್ಗೆಯೇ ನೆನಪಾಗುತ್ತದೆ.

ಕಾರ್ತಿಕ್ ನಮ್ಮ ತಂಡಕ್ಕೆ ಬಂದದ್ದು ನನ್ನ ಆರನೆಯ ವರ್ಷದಲ್ಲಿ. ಬೆಂಗಳೂರಿನ ಹುಡುಗ, ಸೈಬರ್‌ಜಯಾದಲ್ಲಿ ಸಾಫ್ಟ್‌ವೇರ್ ಕೆಲಸ, ವಾರಾಂತ್ಯದಲ್ಲಿ ನನ್ನ ಮುಂದೆ ರಕ್ಷಣೆಯ ಆಟಗಾರ. ಒಂದು ಗೋಲೂ ಹೊಡೆದವನಲ್ಲ, ಹೊಡೆಯುವ ಆಸೆಯೂ ಇರಲಿಲ್ಲ. ಗೋಲಿಗೆ ಬರುವ ಪಕ್‌ಗೆ ಮೈಯೊಡ್ಡುವುದು ಅವನ ಖುಷಿ. ನಾವಿಬ್ಬರೂ ಐಸಿನ ಮೇಲೆ ಕನ್ನಡದಲ್ಲೇ ಕೂಗಾಡುತ್ತಿದ್ದೆವು. ಎದುರಾಳಿಗಳಿಗೆ ಅರ್ಥವಾಗದ ಭಾಷೆ ನಮಗೊಂದು ಹೆಚ್ಚುವರಿ ಆಟಗಾರನಿದ್ದಂತೆ.

"ಹಿಂದ ಒಬ್ಬಾಂವ ಬರಾಕತ್ತಾನ, ಎಡಕ್ಕ, ಎಡಕ್ಕ!" ಎಂದು ನಾನು ಕೂಗಬೇಕು. ಅವನು ತಿರುಗದೆಯೇ ಎಡಕ್ಕೆ ಜಾರಬೇಕು.

"ಅಕ್ಕ, ನೀವು ಹೇಳಿ ಮುಗಿಸೋಷ್ಟರಲ್ಲಿ ಅವ್ನು ಗೋಲ್ ಹೊಡ್ದು ಮನೆಗೆ ಹೋಗಿರ್ತಾನೆ," ಎನ್ನುತ್ತಿದ್ದ. "ನಮ್ ಬೆಂಗಳೂರ್ ಥರ 'ಎಡ' ಅನ್ನಿ ಸಾಕು."

ನಮ್ಮ ಬಳಗದ ಮೂರನೆಯವರು ಡಾಕ್ಟರ್ ಪ್ರಭಾಕರ. ಉಡುಪಿಯವರು, ವೈದ್ಯಕೀಯ ಕಾಲೇಜಿನಲ್ಲಿ ಶಸ್ತ್ರಚಿಕಿತ್ಸೆ ಕಲಿಸುತ್ತಿದ್ದರು. ಮಗಳನ್ನು ನನ್ನ ತರಬೇತಿಗೆ ಬಿಡಲು ಬಂದವರು ಕ್ಲಬ್ಬಿನ ಡಾಕ್ಟರಾಗಿ ಉಳಿದುಬಿಟ್ಟರು. ಐಸಿನ ಮೇಲೆ ಮಾತ್ರ ಕಾಲಿಡುತ್ತಿರಲಿಲ್ಲ. "ನೀರಿನ ಮೇಲೆ ನಡೀಲಿಕ್ಕೆ ನನಗೆ ಧೈರ್ಯ ಇಲ್ಲ ಮಾರಾಯ್ತಿ. ಅದು ಗಟ್ಟಿಯಾದ್ರೂ ನೀರೇ ಅಲ್ವಾ," ಎಂದು ಬೆಂಚಿನಲ್ಲೇ ಕೂರುತ್ತಿದ್ದರು.

ಸಾಂಕ್ರಾಮಿಕ ಬಂದು ಓಡಾಟ ನಿಂತಾಗ ರಿಂಕ್ ಮುಚ್ಚಿತು. ಕರೆಂಟಿನ ಖರ್ಚು ತಾಳಲಾರದೆ ಐಸನ್ನೇ ಕರಗಿಸಿಬಿಟ್ಟರು. ನಾನು ಫ್ಲಾಟಿನ ಹಜಾರದಲ್ಲಿ ಗೋಡೆಗೆ ಟೆನಿಸ್ ಚೆಂಡು ಎಸೆದು ಎಸೆದು ಹಿಡಿಯುತ್ತಿದ್ದೆ. ಸೆಲ್ವಿ ಆಂಟಿ ಆಚೆಯಿಂದ ಗೋಡೆ ಗುದ್ದಿ, "ಊಟದ ಹೊತ್ತಮ್ಮಾ, ಚೆಂಡಿಗೂ ರಜಾ ಕೊಡು," ಎನ್ನುತ್ತಿದ್ದರು. ಆಮೇಲೆ ಸ್ವಲ್ಪ ಸಡಿಲಾಯಿತು, ಮತ್ತೆ ಬಿಗಿಯಾಯಿತು, ಮತ್ತೆ ಸಡಿಲಾಯಿತು. ಕೊನೆಗೆ ಒಂದು ದಿನ ರಿಂಕಿನಲ್ಲಿ ಹೊಸ ಐಸ್ ಕಟ್ಟಿದರು. ಪ್ರೇಕ್ಷಕರಿಲ್ಲ, ಮಾಲ್ ತೆರೆಯುವ ಮುಂಚೆ ಆಟ ಮುಗಿಯಬೇಕು, ಹಿಂಬಾಗಿಲು ತೆರೆದಿರಬೇಕು. ಏನು ಹೇಳಿದ್ದರೂ ನಾವು ಒಪ್ಪುತ್ತಿದ್ದೆವು.

ಮೊದಲೆರಡು ವಾರ ಬಾಗಿಲು ಅರ್ಧ ತೆರೆದಿದ್ದರು. ಐಸಿನ ಮೇಲೆ ಮೊಣಕಾಲೆತ್ತರ ಮಂಜು ಎದ್ದಿತು. ನಮಗೆ ಅದು ತಮಾಷೆ. ಆಟ ನಿಲ್ಲಿಸಿ, ಎರಡೂ ತಂಡದವರು ಟವೆಲ್ ಬೀಸುತ್ತ ಸುತ್ತು ಹೊಡೆದರೆ ಮಂಜು ಒಡೆದು ಚದುರುತ್ತಿತ್ತು. "ಮಂಜು ನೋಡೋಕೆ ಗೆಂಟಿಂಗ್ ಬೆಟ್ಟಕ್ಕೆ ಹೋಗೋ ಬಸ್ ಚಾರ್ಜ್ ಉಳೀತು," ಎಂದ ಕಾರ್ತಿಕ್. ಹೊರಗೆ ತೇವದ ಗಾಳಿ, ಒಳಗೆ ಐಸ್, ನಡುವೆ ಟವೆಲ್ ಬೀಸುತ್ತ ನಗುವ ನಾವು. ಇಂಥ ತಪ್ಪು ಐಸ್ ಹಾಕಿಯ ದೊಡ್ಡ ದೇಶಗಳಲ್ಲಿ ಬಹುಶಃ ಯಾರೂ ಮಾಡಲಾರರು. ಅಲ್ಲಿ ಬಾಗಿಲು ತೆರೆದರೆ ಚಳಿ ಒಳಗೆ ಬರುತ್ತದೆ.

ಆ ಭಾನುವಾರ ಬಾಗಿಲು ಪೂರ್ತಿ ತೆರೆದಿತ್ತು. ಮೊದಲ ಅವಧಿಯಲ್ಲಿ ಮಂಜು ಸೊಂಟಕ್ಕೆ ಬಂತು. ಟವೆಲ್ ಬೀಸಿದೆವು. ಎರಡನೆಯ ಅವಧಿಯಲ್ಲಿ ಎದೆಗೆ ಬಂತು. ರೆಫರಿ ನಿಲ್ಲಿಸೋಣವೇ ಎಂದು ಕೇಳಿದ. ವರ್ಷ ಕಾದು ಮತ್ತೆ ಐಸಿಗಿಳಿದವರು ಯಾರು ಹೌದೆನ್ನುತ್ತಾರೆ? ಎರಡೂ ಬೆಂಚು ಆಡೋಣ ಎಂದಿತು. ನನಗೆ ಆಟಗಾರರ ತಲೆಗಳು ಮಾತ್ರ ಮೋಡದ ಮೇಲೆ ತೇಲುತ್ತಿರುವಂತೆ ಕಾಣುತ್ತಿದ್ದವು. ಆಮೇಲೆ ಅವೂ ಮಸುಕಾದವು.

ನನ್ನ ಬಲಕ್ಕೆ, ಮೂಲೆಯ ಹತ್ತಿರ, ಇಬ್ಬರು ಡಿಕ್ಕಿ ಹೊಡೆದ ಸದ್ದು ಬಂತು. ಇಬ್ಬರೂ ಬಿದ್ದರು. ಅದು ದಿನವೂ ಕೇಳುವ ಸದ್ದು. ಆದರೆ ಅದರ ಹಿಂದೆಯೇ ಕಾರ್ತಿಕನ ದನಿ, ತೀರಾ ಸಣ್ಣದಾಗಿ: "ಅಕ್ಕ."

ಆಡುವಾಗ ಅವನು ನನ್ನನ್ನು ಹಾಗೆ ಮೆಲ್ಲಗೆ ಕರೆದದ್ದೇ ಇಲ್ಲ. ನಾನು ಗೋಲು ಬಿಟ್ಟು ಹೊರಟೆ. ಗೋಲ್‌ಕೀಪರ್ ಆಟದ ನಡುವೆ ಗೋಲು ಬಿಡಬಾರದು. ಬಿಟ್ಟೆ. ಅವನು ಮಂಡಿಯೂರಿ ಕೂತು ಬಲಗೈಯನ್ನು ಎಡಗೈಯಿಂದ ಹಿಡಿದಿದ್ದ. ಮೊಣಕೈ ಕವಚಕ್ಕೂ ಕೈಗವಸಿಗೂ ನಡುವೆ ಒಂದು ಗೇಣು ಬಯಲು ಜಾಗ ಇರುತ್ತದೆ. ಬಿದ್ದ ಎದುರಾಳಿಯ ಸ್ಕೇಟಿನ ಅಲಗು ಸರಿಯಾಗಿ ಅಲ್ಲೇ ಹಾದುಹೋಗಿತ್ತು. ರಕ್ತ ಹರಿಯುತ್ತಿರಲಿಲ್ಲ, ಚಿಮ್ಮುತ್ತಿತ್ತು. ನಿಂತು, ಮತ್ತೆ ಚಿಮ್ಮುತ್ತಿತ್ತು. ಅದು ಅವನ ನಾಡಿ ಬಡಿತ ಎಂದು ಆಗ ಹೊಳೆಯಿತು.

ಕೈಗವಸು ಕಿತ್ತೆಸೆದು ಗಾಯದ ಮೇಲೆ ಅಂಗೈ ಒತ್ತಿದೆ. "ಡಾಕ್ಟರ್!" ಎಂದು ಕೂಗಿದೆ. ಬೆಂಚುಗಳಲ್ಲಿ ಎಲ್ಲರೂ ಕೂಗುತ್ತಿದ್ದರು. ಆ ಎತ್ತರದ ಮಾಡಿನ ಕೆಳಗೆ ಒಂದು ಕೂಗು ಹತ್ತು ಕಡೆಯಿಂದ ಕೇಳುತ್ತದೆ. "ಎಲ್ಲಿ? ಎಲ್ಲಿದ್ದೀರಿ?" ಎಂಬ ಪ್ರಭಾಕರರ ದನಿ ಹತ್ತಿರ ಬಂತು, ದೂರ ಹೋಯಿತು. ಅವರು ಐಸಿಗಿಳಿದಿದ್ದರು, ದಾರಿ ತಪ್ಪಿದ್ದರು. ಇನ್ನೊಂದು ಕೈಗೆ ನನ್ನ ಸ್ಟಿಕ್ ಸಿಕ್ಕಿತು. ಟಪ್ ಟಪ್ ಎಂದು ಐಸಿಗೆ ಬಡಿದೆ.

ಕೋಚ್ ಲಿಮ್ ಗುಡುಗಿದ್ದು ಕೇಳಿಸಿತು. "ಎಲ್ಲರೂ ಬಾಯಿ ಮುಚ್ಚಿ! ಡಾಕ್ಟರ್, ಸ್ಟಿಕ್ ಸದ್ದಿನ ಕಡೆ ಹೋಗಿ."

ಇಡೀ ರಿಂಕ್ ಮೌನವಾಯಿತು. ನಾನು ಬಡಿಯುತ್ತಲೇ ಇದ್ದೆ.

"ಅಕ್ಕ, ಪೆನಾಲ್ಟಿ ಯಾರಿಗೆ?" ಎಂದ ಕಾರ್ತಿಕ್. ಮುಖ ಬಿಳಿಚಿತ್ತು.

"ನಿನಗಽ. ಕಣ್ಣ ಮುಚ್ಚಿದ್ರ ಇನ್ನೂ ಎರಡ ನಿಮಿಷ. ನನ್ನ ಕಡೆ ನೋಡು."

"ಬಂದ್ರಾ?"

"ಬರಾಕತ್ತಾರ. ನಾ ಸುಳ್ಳ ಬಡಿಯಾಂಗಿಲ್ಲ, ನಿನಗ ಗೊತ್ತೈತಿ."

ಮಂಜಿನೊಳಗಿಂದ ಪ್ರಭಾಕರ ಬಂದರು, ನಡೆದು ಅಲ್ಲ, ಅಂಬೆಗಾಲಿಟ್ಟು. ಪ್ಯಾಂಟಿನ ಮಂಡಿ ಹರಿದಿತ್ತು. ಒಂದೇ ನೋಟಕ್ಕೆ ಅವರ ದನಿ ಬದಲಾಯಿತು. "ಕೈ ತೆಗೀಬೇಡಿ. ಹಾಗೇ ಒತ್ತಿ ಹಿಡೀರಿ. ಮೇಲೆ ಬಿಗಿದು ಕಟ್ಟಲಿಕ್ಕೆ ಎಂತದಾದ್ರೂ ಉಂಟಾ?"

ನನ್ನ ಕಾಲಿನ ಪ್ಯಾಡಿಗೆ ಬಕಲ್ ಇರುವ ಚರ್ಮದ ಪಟ್ಟಿಗಳಿವೆ. "ಇದು ಆಗ್ತದೇನ್ರಿ?" ಎಂದೆ. ಅವರು ಅದನ್ನು ಎಳೆದುಕೊಂಡು ಕಾರ್ತಿಕನ ತೋಳಿಗೆ ಸುತ್ತಿ, ಒಂದು ತೂತು, ಎರಡು ತೂತು, ಕೊನೆಯ ತೂತಿಗೆ ಬಿಗಿದರು. ಚಿಮ್ಮುವುದು ನಿಂತಿತು. "ಬದುಕಿದೆ," ಎಂದರು. ಕೈಯ ಮಾತೋ ಮನುಷ್ಯನ ಮಾತೋ ಎಂದು ಕೇಳುವ ಧೈರ್ಯವಾಗಲಿಲ್ಲ.

ಆಂಬುಲೆನ್ಸಿಗೆ ಕಾಯುವ ದಿನಗಳಲ್ಲ ಅವು. ಲಿಮ್ ತಮ್ಮ ಕಾರು ತಂದರು. ಆಸ್ಪತ್ರೆಯ ಬಾಗಿಲಲ್ಲಿ ಡಾಕ್ಟರನ್ನೂ ಕಾರ್ತಿಕನನ್ನೂ ಒಳಗೆ ಬಿಟ್ಟು ನನ್ನನ್ನು ತಡೆದರು. ಕಾವಲಿನ ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಒಂದು ಕಾಲಿಗೆ ಪ್ಯಾಡ್, ಎರಡೂ ಕಾಲಲ್ಲಿ ಸ್ಕೇಟ್, ಎದೆಕವಚದ ತುಂಬ ರಕ್ತ.

"ಕಾಕಾ, ಒಳಗೆ ಹೋಗೋಕೆ ಈ ಕೋವಿಡ್ ಕೋಡನ್ನು ಫೋನಿನಲ್ಲಿ ಸ್ಕ್ಯಾನ್ ಮಾಡ್ಬೇಕು ಲಾ," ಎಂದ. ಕಾಕಾ ಎಂದರೆ ಮಲಯ ಭಾಷೆಯಲ್ಲಿ ಅಕ್ಕ.

"ಫೋನ್ ಲಾಕರಿನಲ್ಲಿದೆ," ಎಂದೆ.

ಅವನು ಸ್ವಲ್ಪ ಯೋಚಿಸಿ, ತನ್ನ ಪ್ಲಾಸ್ಟಿಕ್ ಕುರ್ಚಿಯನ್ನು ಗೇಟಿನ ಹೊರಗೆ ತಂದಿಟ್ಟ. "ಹಾಗಾದ್ರೆ ಇಲ್ಲಿ ಕೂತ್ಕೊಳ್ಳಿ. ಇದು ಹೊರಗೆ, ಇದಕ್ಕೆ ಸ್ಕ್ಯಾನ್ ಬೇಡ." ಮಧ್ಯಾಹ್ನ ಪ್ರಭಾಕರ ಹೊರಬರುವವರೆಗೂ ಆ ಕುರ್ಚಿಯಲ್ಲೇ ಕೂತಿದ್ದೆ. ರಕ್ತನಾಳ ಹೊಲಿದಿದ್ದರು. ಜೀವಕ್ಕೆ ಭಯವಿಲ್ಲ. ಬೆರಳುಗಳ ಬಗ್ಗೆ ಮಾತ್ರ, "ನರಕ್ಕೂ ಪೆಟ್ಟಾಗಿದೆ, ನೋಡ್ಬೇಕು," ಎಂದರು.

ಆವತ್ತಿನಿಂದ ನನ್ನ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಮಂಜು. ನಾನು ಸ್ಟಿಕ್ ಬಡಿಯುತ್ತಿರುತ್ತೇನೆ, ಯಾರೂ ಬರುವುದಿಲ್ಲ. ನನ್ನ ಕೈ ಹಾಸಿಗೆಯನ್ನು ಬಡಿಯುವ ಸದ್ದಿಗೇ ಎಚ್ಚರವಾಗುತ್ತಿತ್ತು. ಎದ್ದವಳೇ ಕಾರ್ತಿಕನಿಗೆ "ಕೈ ಹೆಂಗೈತಿ?" ಎಂದು ಬರೆಯುತ್ತಿದ್ದೆ. ಅವನು ಬೆಳಿಗ್ಗೆ ಕೈಯ ಫೋಟೋ ಕಳಿಸುತ್ತಿದ್ದ. ಮೊದಲು ಬ್ಯಾಂಡೇಜಿನದು. ಆಮೇಲೆ ಒಂದು ಬೆರಳು ಎತ್ತಿದ್ದು. ಆಮೇಲೆ ಎರಡು. ಒಂದು ದಿನ ಬಲಗೈಯಲ್ಲಿ ರೋಟಿ ಚನಾಯ್, ಅಲ್ಲಿಯ ಪರೋಟ, ಹರಿಯುತ್ತಿರುವ ವಿಡಿಯೋ ಬಂತು. ಅದನ್ನು ಎಷ್ಟು ಸಲ ನೋಡಿದೆನೋ.

ಡಾಕ್ಟರಿಗೆ ನಿದ್ದೆಯ ವಿಷಯ ಹೇಳಿದೆ. "ನನಗೂ ಹಾಗೇ ಮಾರಾಯ್ತಿ. ನನ್ನ ಕನಸಲ್ಲಿ ಸದ್ದು ಕೇಳ್ತದೆ, ದಾರಿ ಸಿಗೂದಿಲ್ಲ," ಎಂದರು. ಒಂದೇ ಕನಸಿನ ಎರಡು ತುದಿಗಳಲ್ಲಿ ನಾವಿಬ್ಬರೂ ಎಚ್ಚರವಾಗಿದ್ದೆವು.

ಹಗಲು ಮಾತ್ರ ನಾವು ಸುಮ್ಮನಿರಲಿಲ್ಲ. ಈ ಭಾಗವನ್ನು ನಾನು ಹೆಮ್ಮೆಯಿಂದಲೇ ಬರೆಯುತ್ತೇನೆ. ತೇವ ಹೀರುವ ಯಂತ್ರ ಸಾಕಷ್ಟಿರದೆ ಬಾಗಿಲು ತೆರೆದು ಆಡುವುದಿಲ್ಲ ಎಂದು ಲಿಮ್ ರಿಂಕಿನ ಮಾಲೀಕರ ಮುಂದೆ ಹೋಗಿ ಕೂತರು. ಯಂತ್ರಗಳು ಬಂದವು. ಅಲಗಿಗೆ ಹರಿಯದ ದಾರದಲ್ಲಿ ನೇಯ್ದ ತೋಳುಚೀಲ ಇಲ್ಲದೆ ಯಾರೂ ಐಸಿಗೆ ಇಳಿಯುವಂತಿಲ್ಲ ಎಂದಾಯಿತು. ಮಕ್ಕಳು ಮೊದಲು ಗೊಣಗಿದರು, ಈಗ ಸಾಕ್ಸಿನಂತೆ ಹಾಕಿಕೊಳ್ಳುತ್ತಾರೆ. ಇನ್ನೊಂದು ನಿಯಮ ನನ್ನದು. ಒಂದು ತುದಿಯ ಗೋಲ್‌ಕೀಪರಿಗೆ ಇನ್ನೊಂದು ತುದಿಯ ಗೋಲ್‌ಕೀಪರ್ ಕಾಣದಿದ್ದರೆ ಅವಳು ಕೈಯೆತ್ತಬೇಕು. ಎತ್ತಿದೊಡನೆ ಆಟ ನಿಲ್ಲಬೇಕು, ಯಾರನ್ನೂ ಕೇಳುವಂತಿಲ್ಲ. ಆ ಊರಿನ ಕ್ಲಬ್ಬುಗಳೆಲ್ಲ ಅದನ್ನು ಒಪ್ಪಿದವು. ನೀವು ಹೊಸದಾಗಿ ಗೋಲಿನ ಮುಂದೆ ನಿಂತವರು ಕೈಯೆತ್ತಲು ನಾಚಬೇಡಿ. ಆ ಕೈಗೆ ಒಂದು ಬೆಲೆ ತೆತ್ತಿದ್ದೇವೆ.

ಮರುವರ್ಷ ಕ್ಲಬ್ಬುಗಳ ನಡುವಿನ ಪಂದ್ಯಾವಳಿಯ ಫೈನಲ್‌ಗೆ ನಾವು ಬಂದೆವು. ಕಾರ್ತಿಕ್ ಮೊದಲ ಸಲ ಮತ್ತೆ ಐಸಿಗಿಳಿದದ್ದು ಅಂದೇ. ಪ್ರಭಾಕರ ಅವನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡಿ ಅನುಮತಿ ಕೊಟ್ಟಿದ್ದರು. ಮಧ್ಯಾಹ್ನದ ಪಂದ್ಯ, ಈ ಸಲ ಪ್ರೇಕ್ಷಕರಿದ್ದರು, ಐಸ್ ಕನ್ನಡಿಯಂತೆ ತಿಳಿಯಾಗಿತ್ತು. ಕೊನೆಯ ನಿಮಿಷಗಳಲ್ಲಿ ನಾವು ಒಂದು ಗೋಲು ಮುಂದಿದ್ದೆವು. ಆಗ ನಮ್ಮ ಮಹರಾಯ ಕಾರ್ತಿಕ್ ಎದುರಾಳಿ ಒಬ್ಬನನ್ನು ಸ್ಟಿಕ್ಕಿನಿಂದ ಎಡವಿಸಿ ಬೀಳಿಸಿದ. ಎರಡು ನಿಮಿಷ ಪೆನಾಲ್ಟಿ.

"ಬಂದ ದಿನಽ ಶುರು ಮಾಡ್ದಿ ಏನು?" ಎಂದು ಕೂಗಿದೆ.

"ಅಕ್ಕ, ಕೈ ಸರಿಯಾಗಿದೆ ಅಂತ ತೋರಿಸಿದೆ," ಎನ್ನುತ್ತ ಬಾಕ್ಸಿಗೆ ಹೋದ.

ಎದುರಾಳಿಗಳು ತಮ್ಮ ಗೋಲ್‌ಕೀಪರನ್ನೂ ಹೊರಗೆಳೆದು, ಆ ಜಾಗಕ್ಕೊಬ್ಬ ದಾಳಿಕಾರನನ್ನು ಇಳಿಸಿದರು. ಅವರು ಆರು, ನನ್ನನ್ನು ಬಿಟ್ಟು ನಾವು ನಾಲ್ಕು. ಆ ಎರಡು ನಿಮಿಷ ನಾನು ಜೀವನದಲ್ಲಿ ಆಡಿದ ಅತ್ಯುತ್ತಮ ಆಟ. ಎದೆಗೆ ಬಂದದ್ದು, ಮೊಣಕಾಲಿಗೆ ಬಂದದ್ದು, ಮುಖಕವಚಕ್ಕೆ ಬಡಿದದ್ದು, ಯಾವುದೂ ಒಳಗೆ ಹೋಗಲಿಲ್ಲ. ಕಣ್ಣಂಚಿನಲ್ಲಿ ಗಡಿಯಾರ ಕಂಡಿತು. ಬಡಿಯುವ ಹೊತ್ತು. ಆ ಭಾನುವಾರದ ನಂತರ ಪಂದ್ಯಗಳಲ್ಲಿ ನಾನು ಸ್ಟಿಕ್ ಬಡಿದಿರಲಿಲ್ಲ, ಕೈ ಏಳುತ್ತಿರಲಿಲ್ಲ. ಬೆಂಚಿನಿಂದ ಲಿಮ್ ಕೂಗಿ ಸುಧಾರಿಸುತ್ತಿದ್ದರು. ಅಂದು ಅವರೂ ಸುಮ್ಮನಿದ್ದರು. ಬಾಕ್ಸಿನ ಬಾಗಿಲ ಹಿಂದೆ ಕಾರ್ತಿಕ್ ನನ್ನನ್ನೇ ನೋಡುತ್ತಿದ್ದ.

ಟಪ್ ಟಪ್.

ಬಾಗಿಲು ತೆರೆಯಿತು. ನಮ್ಮವನು ಹೊರಬಂದ. ನನ್ನ ಪ್ಯಾಡಿಗೆ ತಗುಲಿ ಪುಟಿದ ಪಕ್ ಅವನ ಸ್ಟಿಕ್ಕಿಗೇ ಹೋಗಿ ನಿಂತಿತು. ಬಲಗೈ ಬಿಗಿದು ಅವನು ಅದನ್ನು ಆ ತುದಿಗೆ ಅಟ್ಟಿದ. ಅದು ರಿಂಕಿನ ಉದ್ದಕ್ಕೂ, ಯಾವ ಅವಸರವೂ ಇಲ್ಲದೆ, ಕಾಯುವವರಿಲ್ಲದ ಗೋಲಿನೊಳಗೆ ಜಾರಿ ಹೋಯಿತು. ಅವನ ಬಾಳಿನ ಮೊದಲ ಗೋಲು. ಪ್ರಭಾಕರ ಬೂಟುಗಾಲಿನಲ್ಲೇ ಐಸಿಗೆ ಓಡಿ ಬಂದು ಜಾರಿ ಬಿದ್ದರು. ಈ ಸಲ ಬಿದ್ದಲ್ಲೇ ಕೂತು ನಗುತ್ತಿದ್ದರು. ಲಿಮ್ ಟೋಪಿ ತೆಗೆದು ಕಣ್ಣಿಗೆ ಹಿಡಿದುಕೊಂಡಿದ್ದರು.

ಮರುದಿನ ಬೆಳಿಗ್ಗೆ ಎಲ್ಲರೂ ತಮಿಳು ಮುಸ್ಲಿಮರು ನಡೆಸುವ ಮಾಮಕ್ ಹೋಟೆಲಿನಲ್ಲಿ ಸೇರುವುದೆಂದು ಮಾತಾಗಿತ್ತು. ಮನೆಗೆ ಬಂದು ಪ್ಯಾಡ್ ಒಣಹಾಕಿ, ಫ್ಯಾನ್ ಹಚ್ಚಿ, ಸುಮ್ಮನೆ ಒರಗಿದೆ.

ಕಣ್ಣು ಬಿಟ್ಟಾಗ ಬಿಸಿಲು ಗೋಡೆಯ ಅರ್ಧಕ್ಕೆ ಬಂದಿತ್ತು. ಫೋನಿನಲ್ಲಿ ಕಾರ್ತಿಕನ ಸಂದೇಶ ಇತ್ತು: "ಅಕ್ಕ, ಎಲ್ಲಿದ್ದೀರಾ? ರೋಟಿ ತಣ್ಣಗಾಯ್ತು. ರಾತ್ರಿ ಮೆಸೇಜೂ ಬರ್ಲಿಲ್ಲ. ಹುಷಾರಾಗಿದ್ದೀರಾ?"

"ನಿದ್ದಿ ಮಾಡಿದ್ನೋ," ಎಂದು ಬರೆದೆ.

ಉತ್ತರ ಬಂತು: "ಮಾಡಿ ಮಾಡಿ. ನಿಮ್ದು ಪಾರ್ಸೆಲ್ ಮಾಡಿಸ್ಕೊಂಡು ಬರ್ತೀನಿ. ಬಾಗಿಲು ಎರಡು ಸಲ ಬಡೀತೀನಿ."

ಫೋನ್ ಪಕ್ಕಕ್ಕಿಟ್ಟು ಮಗ್ಗುಲಾದೆ. ಅವನು ಬಂದು ಬಡಿಯುವವರೆಗೂ ಮತ್ತೆ ನಿದ್ದೆ ಮಾಡಿದೆ.